ಅಜ್ಜಿಯನ್ನು ಎಬ್ಬಿಸಿದ ಬೆಂಚು

ಚರ್ಚಿನಿಂದ ಬಂದಾಗಿನಿಂದ ತಲೆ ಕಾದಿದೆ. ಬರೆಯದಿದ್ದರೆ ರಾತ್ರಿ ನಿದ್ದೆ ಬರಲಿಕ್ಕಿಲ್ಲ.

ಇವತ್ತು ಆರಾಧನೆ ಅರ್ಧಕ್ಕೆ ಬಂದಿತ್ತು. ಚುನಾವಣೆಗೆ ನಿಂತವರೊಬ್ಬರು ಏಳೆಂಟು ಹುಡುಗರನ್ನು ಕಟ್ಟಿಕೊಂಡು ಒಳಗೆ ಬಂದರು. ಸಭೆಯ ಹಿರಿಯರೊಬ್ಬರು ಮೊದಲ ಬೆಂಚಿನ ಹತ್ತಿರ ಓಡಿ, ಅಲ್ಲಿದ್ದ ಅಜ್ಜಿಗೆ "ಸ್ವಲ್ಪ ಹಿಂದ ಹೋಗ್ರಿ ಆಯೀ" ಅಂದರು. ಕಿವಿ ಮಂದ ಅಂತಲೇ ಆಕೆ ಅಲ್ಲಿ ಕೂಡುವುದು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಸತ್ಯವೇದ, ಅಂದರೆ ಬೈಬಲ್. ಮಾತಾಡದೆ ಎದ್ದು ಕಂಬದ ಹಿಂದೆ ಹೋದಳು. ಆಮೇಲೆ ಆ ಮನುಷ್ಯನಿಗೆ ಶಾಲು, ಹಾರ. ಅದೂ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಇಡುವ ಪ್ರಭುಭೋಜನದ ಮೇಜಿನ ಮುಂದೆ! "ಕರ್ತನು ಕಳಿಸಿದವರು, ಸಭೆಯೆಲ್ಲ ಒಂದಾಗಿರಬೇಕು" ಅಂತ ಮೈಕಿನಲ್ಲಿ ಹೇಳಿದ್ದೂ ಆಯಿತು.

ಗೇಟಿನಲ್ಲಿ ಅಜ್ಜಿ ನನ್ನ ಕೈ ಹಿಡಿದು ಕೇಳಿದಳು: "ಅಯ್ಯನವರು ಇವತ್ತ ಏನ್ ಹೇಳಿದ್ರವ್ವಾ? ಒಂದೂ ಕೇಳಸಲಿಲ್ಲ." ಅಯ್ಯನವರು ಅಂದರೆ ನಮ್ಮ ಪಾದ್ರಿ.

ಬೈಬಲಿನಲ್ಲಿ ಯಾಕೋಬ ಸಭೆಗಳಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ನಮ್ಮವರಿಗೆ ಬಾಯಿಪಾಠ. ಚಿನ್ನದ ಉಂಗುರದವನು ಬಂದರೆ ಒಳ್ಳೆಯ ಜಾಗ ಕೊಟ್ಟು, ಬಡವನಿಗೆ ಅಲ್ಲಿ ನಿಲ್ಲು ಅನ್ನುತ್ತೀರಲ್ಲ ಎಂದು ಅವನು ಬೈಯುವುದು ಸಭೆಯನ್ನು, ಉಂಗುರದವನನ್ನಲ್ಲ. ನನ್ನ ಸಿಟ್ಟೂ ಆ ಅಭ್ಯರ್ಥಿಯ ಮೇಲಲ್ಲ. ಓಟು ಕೇಳುವುದು ಅವರ ಕೆಲಸ. ಬೆಂಚು ಬಿಟ್ಟುಕೊಟ್ಟವರು ನಾವು.

ಕಾನೂನೂ ಇದನ್ನು ಒಪ್ಪುವುದಿಲ್ಲ. ಪೂಜಾಸ್ಥಳವನ್ನು ರಾಜಕೀಯ ಪ್ರಚಾರಕ್ಕೆ ಬಿಡಬಾರದೆಂದು 1988ರ ಕಾಯ್ದೆ ಇದೆ. ಧರ್ಮದ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ, ಮತದಾರನ ಧರ್ಮ ಎತ್ತಿದರೂ ಅಷ್ಟೇ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ಹೇಳಿತು. ಬೇರೆಯವರು ಹೀಗೆ ಮಾಡಿದಾಗ ಬೊಬ್ಬೆ ಹಾಕುವವರು ನಾವೇ ತಾನೆ?

"ನಾವು ಇರೋದೇ ಹಿಡಿಯಷ್ಟು, ಓಟು ಒಡದ್ರ ನಮ್ಮನ್ನ ಯಾರ್ ಕೇಳ್ತಾರ?" ಅಂದರು ಹಿರಿಯರು. ಆ ಭಯ ನನಗೂ ಗೊತ್ತು. 2021ರ ಡಿಸೆಂಬರಿನಲ್ಲಿ ಇದೇ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನಸಭೆ ಮತಾಂತರ ತಡೆಯುವ ಮಸೂದೆಗೆ ಒಪ್ಪಿಗೆ ಕೊಟ್ಟಾಗ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆದರೂ ಆ ಮಾತು ಒಪ್ಪಲಾರೆ. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ್ ಮುಖರ್ಜಿ ನಮ್ಮಂತೆ ಕ್ರೈಸ್ತರು. ಧರ್ಮದ ಲೆಕ್ಕದಲ್ಲಿ ಮೀಸಲು ಸ್ಥಾನ ಬೇಡವೆಂದು 1949ರಲ್ಲಿ ನಿಂತವರಲ್ಲಿ ಅವರೂ ಒಬ್ಬರು. ಆಗ ನಮ್ಮವರೇನು ಹೆಚ್ಚು ಇದ್ದರೇ? ಬಾಬೆಲೆಂಬ ಪರದೇಶಕ್ಕೆ ಸೆರೆಹೋದ ಹಿಡಿ ಯೆಹೂದ್ಯರಿಗೂ ಪ್ರವಾದಿ ಯೆರೆಮೀಯನು ಬರೆದದ್ದು, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು. ಇಡೀ ಪಟ್ಟಣದ ಕ್ಷೇಮ!

ಒಂದು ತಪ್ಪು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಹೆಸರು ನೋಡಿ, ನಮ್ಮವರು ಅಂತ ಬಟನ್ ಒತ್ತಿ ಬಂದಿದ್ದೆ. ಏನು ಮಾಡಿದ್ದೀರಿ ಎಂದು ಒಂದು ಮಾತು ಕೇಳಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ನಮ್ಮ ಓಣಿಗೆ ಹತ್ತು ದಿನಕ್ಕೊಮ್ಮೆ ನೀರು. ಪಕ್ಕದ ಮನೆಯ ಸಾಬವ್ವ, ಎದುರು ಮನೆಯ ಮರಾಠಿ ವೈನಿ, ನಾನು, ಮೂವರೂ ಒಂದೇ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದೆವು. ಅವತ್ತು ಆ ಓಟು ನೆನಪಾಗಿ ನಾಚಿಕೆಯಾಯಿತು. ನಂಬಿಕೆಯನ್ನು ಮತಗಟ್ಟೆಯ ಹೊರಗೆ ಬಿಟ್ಟು ಹೋಗಿರೆಂದು ನಾನು ಹೇಳುತ್ತಿಲ್ಲ. ಬಟನ್ ಒತ್ತುವಾಗ ಈ ಓಣಿ ನೆನಪಾಗಲಿ ಅನ್ನುತ್ತಿದ್ದೇನೆ.

ಅಯ್ಯನವರಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಕಮಿಟಿಯಲ್ಲಿ ಇಡುತ್ತೇನೆ ಅಂದರು. ಬರುವ ಭಾನುವಾರ ಬೇಗ ಹೋಗಿ ಮೊದಲ ಬೆಂಚಿನಲ್ಲಿ ಅಜ್ಜಿಯ ಪಕ್ಕ ಕೂಡುತ್ತೇನೆ. ಯಾರೇ ಬರಲಿ, ನಾವಿಬ್ಬರೂ ಏಳುವುದಿಲ್ಲ.