ಮೂಗು ನಂಬಿ ಮಾಡಿದ ಕಾನೂನು

2001ರ ಸೆಪ್ಟೆಂಬರ್ 28ರ ರಾತ್ರಿ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸೇರಿತು, ಕೆಲವೇ ನಿಮಿಷಗಳಲ್ಲಿ ಎದ್ದೂಬಿಟ್ಟಿತು. ಹದಿನೈದಕ್ಕೆ ಹದಿನೈದೂ ಕೈ ಮೇಲೆ. ಅಷ್ಟರಲ್ಲಿ ಇಡೀ ಜಗತ್ತಿಗೆ ನಿರ್ಣಯ 1373 ಸಿದ್ಧವಾಗಿತ್ತು. ಭಯೋತ್ಪಾದಕರ ದುಡ್ಡು ತಡೆಯಿರಿ, ಶಿಕ್ಷೆ ಕೊಡಿ, 90 ದಿನದೊಳಗೆ ವರದಿ ಒಪ್ಪಿಸಿ. ಎಲ್ಲ ಇತ್ತು. ಭಯೋತ್ಪಾದನೆ ಅಂದರೆ ಏನು ಅನ್ನೋದೊಂದು ಇರಲಿಲ್ಲ.

ಯಾರೂ ಕೇಳಲಿಲ್ಲ ಅಂತಲ್ಲ. ಇದರ ಉಸ್ತುವಾರಿ ಸಮಿತಿಯ ಮೊದಲ ಅಧ್ಯಕ್ಷರು ಬ್ರಿಟನ್ನಿನ ಜೆರೆಮಿ ಗ್ರೀನ್‌ಸ್ಟಾಕ್. ನೋಡೋಕೆ ಹಾಗಿದ್ದರೆ, ಹಾಗೇ ವಾಸನೆ ಬಂದರೆ, ಹಾಗೇ ಕೊಂದರೆ ಅದು ಭಯೋತ್ಪಾದನೆಯೇ ಅನ್ನೋ ಅರ್ಥದಲ್ಲಿ ಅವರು ಹೇಳಿದ್ದರು. ಮುಗೀತಲ್ಲ! ಆಗ ಸದಸ್ಯ ದೇಶಗಳು 189, ಅಂದರೆ 189 ಮೂಗು. ಕೆಲವಕ್ಕೆ ನೆಗಡಿ. ಕೆಲವಕ್ಕೆ ವಿರೋಧ ಪಕ್ಷದವರು ಪಕ್ಕದಲ್ಲಿ ಹಾದುಹೋದರೂ ಘಾಟು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂತ ಎಲ್ಲರೂ ಹಗ್ಗ ಹಿಡಿದು ಓಡಿದರು. 2004ರಲ್ಲಿ ಇನ್ನೊಂದು ನಿರ್ಣಯದಲ್ಲಿ ವಿವರಣೆಯಂಥದ್ದು ಬಂತು ಅನ್ನಿ. ಅಷ್ಟರಲ್ಲಿ ದೇಶಗಳು ತಂತಮ್ಮ ಕಾನೂನು ಮಾಡಿಕೊಂಡು ಆಗಿತ್ತು.

ಬ್ರಿಟನ್ನಿನ ಮೂಗೇ ನೋಡಿ. 2008ರ ಅಕ್ಟೋಬರ್‌ನಲ್ಲಿ ಐಸ್‌ಲ್ಯಾಂಡಿನ ಲ್ಯಾಂಡ್ಸ್‌ಬಂಕಿ ಬ್ಯಾಂಕ್ ಮುಳುಗಿತು. ಬ್ರಿಟನ್ನಿನ ಠೇವಣಿದಾರರು ಕಂಗಾಲಾದರು. ಸರ್ಕಾರ 2001ರ ಕೊನೆಗೆ ಮಾಡಿಟ್ಟಿದ್ದ ಭಯೋತ್ಪಾದನಾ ನಿಗ್ರಹ ಕಾನೂನು ಹೊರತೆಗೆದು ಬ್ಯಾಂಕಿನ ಆಸ್ತಿ ತಡೆಹಿಡಿಯಿತು. (ದೇಶದ ಆರ್ಥಿಕತೆಗೆ ಹಾನಿಯಾದರೂ ಬಳಸಬಹುದು ಅಂತ ಅದರೊಳಗೇ ಬರೆದಿತ್ತು, ಜಾಣರು.) ಖಜಾನೆ ಇಲಾಖೆಯ ಪಟ್ಟಿಯಲ್ಲಿ ಅಲ್‌ಖೈದಾ, ತಾಲಿಬಾನ್ ಜೊತೆಗೆ ಒಂದು ಬ್ಯಾಂಕು! ಅದೂ ಸ್ವಂತ ಸೈನ್ಯವೇ ಇಲ್ಲದ ದೇಶದ್ದು. ಅಲ್ಲಿಯ ಜನ ಮಕ್ಕಳುಮರಿ ಸಮೇತ ಬೋರ್ಡ್ ಹಿಡಿದು ಫೋಟೋ ತೆಗೆಸಿಕೊಂಡು, ನಾವು ಭಯೋತ್ಪಾದಕರಲ್ಲ ಸ್ವಾಮಿ ಅಂತ ಪ್ರಧಾನಿ ಗಾರ್ಡನ್ ಬ್ರೌನ್‌ಗೆ ಹೇಳಬೇಕಾಯಿತು. ಆ ಆದೇಶ ವಾಪಸಾಗಿದ್ದು 2009ರ ಜೂನ್‌ನಲ್ಲಿ. ಅಂದಹಾಗೆ, ಅಮೆರಿಕ ತನ್ನ ಭಯೋತ್ಪಾದಕರ ಪಟ್ಟಿಯಿಂದ ನೆಲ್ಸನ್ ಮಂಡೇಲಾರನ್ನು ಬಿಟ್ಟಿದ್ದೂ 2008ರಲ್ಲೇ. ಅಜ್ಜನಿಗೆ ಆಗ ತೊಂಬತ್ತು ತುಂಬುತ್ತಿತ್ತು.

ವ್ಯಾಖ್ಯಾನ ಇದ್ದ ಒಪ್ಪಂದವೂ ಒಂದಿತ್ತು, 1937ರದ್ದು. ಅದನ್ನು ಕೊನೆಗೂ ಅನುಮೋದಿಸಿದ್ದು ಒಂದೇ ದೇಶ, ಭಾರತ. ಬ್ರಿಟಿಷರ ಕೈಯಲ್ಲಿದ್ದ ಭಾರತ. ಯಾರನ್ನು ಮನಸ್ಸಲ್ಲಿಟ್ಟುಕೊಂಡು ಅಂತ ಬಿಡಿಸಿ ಹೇಳಬೇಕಾ? 1996ರಲ್ಲಿ ಸ್ವತಂತ್ರ ಭಾರತ ಹೊಸ ಕರಡು ಕೊಟ್ಟಿತು. ವಿಮೋಚನಾ ಹೋರಾಟಗಾರರು ಲೆಕ್ಕಕ್ಕೆ ಬರ್ತಾರಾ, ಸರ್ಕಾರದ ಸೈನ್ಯ ಬರುತ್ತಾ ಅನ್ನೋ ಚರ್ಚೆ ಇನ್ನೂ ನಡೆದೇ ಇದೆ.

ಹಾಗಾದರೆ 1373 ರದ್ದು ಮಾಡಿ ಅನ್ನೋಣ ಅಲ್ವಾ? ಅದಕ್ಕೆ ಮಂಡಳಿಯಲ್ಲಿ ಒಂಬತ್ತು ಮತ ಬೇಕು, ಖಾಯಂ ಸದಸ್ಯರಾದ ಐವರು ದೊಡ್ಡವರಲ್ಲಿ ಒಬ್ಬರೂ ಬೇಡ ಅನ್ನಬಾರದು. ಎಲ್ಲಿ ಬೇಕಾದರೂ ತೂರಿಸಬಹುದಾದ ಮೂಗನ್ನು ಸುಮ್ನೆ ಯಾರು ಕುಯ್ದುಕೊಡ್ತಾರೆ?

ರದ್ದು ಮಾಡೋ ವಿದ್ಯೆ ಬೇಕಿದ್ದರೆ ನಮ್ಮನ್ನು ಕೇಳಲಿ. 2002ರಲ್ಲಿ ಪೋಟಾ ಅನ್ನೋ ಭಯೋತ್ಪಾದನಾ ತಡೆ ಕಾಯ್ದೆ ತಂದೆವು. 2004ರಲ್ಲಿ ದೊಡ್ಡ ಮನಸ್ಸು ಮಾಡಿ ರದ್ದು ಮಾಡಿದೆವು. ಅದೇ ವರ್ಷ ಅದರ ಎಷ್ಟೋ ಕಲಮುಗಳು ಯುಎಪಿಎ ಅನ್ನೋ ಹಳೇ ಕಾಯ್ದೆಯೊಳಗೆ ಹೋಗಿ ಆರಾಮಾಗಿ ಕೂತವು.