ನಾಲೆಗೆ ಹೆದರದ ಊರು

ನಾವೀಗ ಇರುವುದು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದ ಅಂಚಿನಲ್ಲಿ. ನಮ್ಮ ಬಡಾವಣೆ ಸಮುದ್ರ ಮಟ್ಟಕ್ಕಿಂತ ಸುಮಾರು ಆರು ಮೀಟರ್ ಕೆಳಗಿದೆ. ಇದನ್ನು ಮಂಡ್ಯದ ಹಳ್ಳಿಯಲ್ಲಿರುವ ಅವ್ವನಿಗೆ ಹೇಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ, "ಅಂಥ ಕಡೆ ಯಾಕಪ್ಪ ಮನೆ ಹಿಡಿದಿರಿ, ಎತ್ತರದಲ್ಲಿ ಎಲ್ಲೂ ಸಿಗಲಿಲ್ಲವೇ?" ಎಂದಳು. ಅವ್ವ ದಿನಾ ರಾತ್ರಿ ಕೊಟ್ಟಿಗೆಯ ಮೂಲೆ ಮೂಲೆಗೆ ಟಾರ್ಚ್ ಬಿಟ್ಟು, ಹಾವಿಲ್ಲವೆಂದು ನೋಡಿಕೊಂಡು ಮಲಗುತ್ತಾಳೆ ಎಂದು ಪಕ್ಕದ ಮನೆಯ ಡಚ್ ಅಜ್ಜನಿಗೆ ಹೇಳಿದೆ. ಆತನೂ ಅಷ್ಟೇ ಹೊತ್ತು ಸುಮ್ಮನಿದ್ದ.

ಆ ಅಜ್ಜ ನೀರಿನ ಬಗ್ಗೆ ಯೋಚಿಸುವುದು ವರ್ಷಕ್ಕೊಮ್ಮೆ, ನೀರು ಮಂಡಳಿಯ ತೆರಿಗೆ ಚೀಟಿ ಬಂದಾಗ. ಒಡ್ಡು, ಪಂಪು, ಕಾಲುವೆಗಳನ್ನೆಲ್ಲ ನೋಡಿಕೊಳ್ಳಲು ಅಲ್ಲಿ ಬೇರೆಯೇ ಮಂಡಳಿಗಳಿವೆ. ಅವುಗಳಿಗೆ ಪ್ರತ್ಯೇಕ ಚುನಾವಣೆಯೂ ನಡೆಯುತ್ತದೆ. 1953ರ ಫೆಬ್ರುವರಿಯಲ್ಲಿ ಸಮುದ್ರ ಒಡ್ಡು ಒಡೆದು ನುಗ್ಗಿ 1,836 ಜನರನ್ನು ಬಲಿ ತೆಗೆದುಕೊಂಡಿತ್ತು. ಆ ಬಳಿಕ ಆ ದೇಶ ದಶಕಗಟ್ಟಲೆ ದುಡಿದು ತಡೆಗೋಡೆಗಳನ್ನು ಕಟ್ಟಿತು. ಈಗ ಜನ ದುಡ್ಡು ಕೊಡುತ್ತಾರೆ, ನಿದ್ದೆ ಮಾಡುತ್ತಾರೆ. ಭಯವನ್ನು ಕಚೇರಿಗೆ ಒಪ್ಪಿಸಿಬಿಟ್ಟಿದ್ದಾರೆ. ನಮ್ಮೂರಿನಲ್ಲಿ ಹಾಗೆ ಒಪ್ಪಿಸಲು ಕಚೇರಿಯೇ ಇಲ್ಲ. ಪ್ರತಿ ಮನೆಯೂ ತನ್ನ ಕಾವಲನ್ನು ತಾನೇ ಕಾಯಬೇಕು.

ಹೊರಗಿದ್ದು ಊರಿಗೆ ಹೋಗಿಬರುವ ನಮ್ಮಂಥವರಿಗೆ ಇದು ಕಾಣುವುದಿಲ್ಲ. "ಎಲ್ಲಕ್ಕೂ ಹಣೆಬರಹ ಅನ್ನುತ್ತಾರೆ, ಎಚ್ಚರಿಕೆಯೇ ಇಲ್ಲ" ಎಂದು ನಾನೂ ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಆದರೆ ಹಣೆಬರಹ ಎಂಬ ಮಾತು ಊರಿನಲ್ಲಿ ಯಾವಾಗ ಬರುತ್ತದೆ ಎಂದು ಗಮನಿಸಿ ನೋಡಿ. ಅನಾಹುತ ಆದ ಮೇಲೆ, ಮನೆಯವರ ಕೈ ಹಿಡಿದುಕೊಂಡು ಸಮಾಧಾನ ಹೇಳುವಾಗ. ಅದಕ್ಕೆ ಮೊದಲು ಯಾರೂ ಹಣೆಬರಹವನ್ನು ನಂಬಿ ಕೂತಿರುವುದಿಲ್ಲ. ಕೋಲು ಬಡಿದುಕೊಂಡೇ ಬದುವಿನ ಮೇಲೆ ನಡೆಯುತ್ತಾರೆ. ಸೌದೆ ಒಟ್ಟಿಲಿಗೆ ಕೈ ಹಾಕುವ ಮೊದಲು ಒಮ್ಮೆ ಒದೆಯುತ್ತಾರೆ. 2022ರ ಕೊನೆಯಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರನ್ನು ಚಿರತೆ ಕೊಂದಾಗ, ನಮ್ಮ ಊರಿನ ಹೆಂಗಸರೂ ಕಬ್ಬಿನ ಗದ್ದೆಗೆ ಒಬ್ಬೊಬ್ಬರೇ ಹೋಗುವುದನ್ನು ಬಿಟ್ಟರು. ಅವರಿಗೆ ಯಾರೂ ಬಂದು ತರಬೇತಿ ಕೊಡಲಿಲ್ಲ.

ನಾನು ತರಬೇತಿ ಕೊಡಲು ಹೋಗಿದ್ದುಂಟು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಕೊಡುವುದು ದಿನಕ್ಕೆ ಏಳು ಗಂಟೆ, ಅದರಲ್ಲೂ ಒಂದು ಪಾಲು ರಾತ್ರಿಯೇ ಬರುತ್ತದೆ. ಆಗ ಅಣ್ಣ ಎದ್ದು ಗದ್ದೆಗೆ ಹೋಗಿ ಮೋಟಾರ್ ಹಾಕಬೇಕು. ಕೊಳಕುಮಂಡಲ ಓಡಾಡುವ ಹೊತ್ತು. ನಾನು ರಾಟರ್‌ಡ್ಯಾಮ್‌ನಿಂದ ಮೊಣಕಾಲುದ್ದದ ರಬ್ಬರ್ ಬೂಟು ತಂದುಕೊಟ್ಟೆ. ಮರುವರ್ಷ ಹೋದಾಗ ಒಂದು ಬೂಟು ಕೊಟ್ಟಿಗೆಯ ಗೂಟಕ್ಕೆ ನೇತುಬಿದ್ದಿತ್ತು, ಒಳಗೆ ಎರಡು ಕುಡುಗೋಲು. ಇನ್ನೊಂದು ಸಿಗಲೇ ಇಲ್ಲ. "ಕೆಸರಿನಲ್ಲಿ ಕಾಲು ಬರುತ್ತದೆ, ಬೂಟು ಬರುವುದಿಲ್ಲ" ಎಂದ ಅಣ್ಣ. ಅಷ್ಟರಲ್ಲಿ ಅವನೇ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿದ್ದ. ಹಾಸಿಗೆಯಲ್ಲಿ ಮಲಗಿಕೊಂಡೇ ಫೋನ್ ಮಾಡಿ ನೀರು ಹಾಯಿಸುತ್ತಿದ್ದ.

ಅಂದಹಾಗೆ ಅವನ ಭಯದ ಪಟ್ಟಿಯಲ್ಲಿ ಹಾವು ಮೊದಲನೆಯದಲ್ಲ. "ಹಾವು ಕಚ್ಚಿದರೆ ಒಬ್ಬನಿಗೆ, ಬಡ್ಡಿ ಕಚ್ಚಿದರೆ ಮನೆಮಂದಿಗೆಲ್ಲ" ಎನ್ನುತ್ತಾನೆ. ಕಬ್ಬಿನ ದುಡ್ಡು ಬರುವಾಗ ಬರಲಿ ಎಂದು ಎರಡು ಹಸು ಕಟ್ಟಿದ್ದಾನೆ. ಹಾಲಿನ ಬಟವಾಡೆಯಿಂದಲೇ ಮನೆಯ ಸಂತೆ ನಡೆಯುತ್ತದೆ. ಬೇಸಿಗೆ ಬಂತೆಂದರೆ ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟು ಅಡಿ ಇದೆ ಎಂದು ಬೆಳಿಗ್ಗೆ ಮೊದಲು ನೋಡುತ್ತಾನೆ. 124.80 ಅಡಿ ತುಂಬಿತೆಂದರೆ ಅವತ್ತು ನನಗೂ ಒಂದು ಫೋನು.

ಇಷ್ಟೆಲ್ಲ ಎಚ್ಚರವಿರುವ ಊರು ಒಂದಕ್ಕೆ ಮಾತ್ರ ಹೆದರುವುದಿಲ್ಲ. ಅದು ನಾಲೆ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಜನ ಸತ್ತರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆ ಬಳಿಕ ತಡೆಗೋಡೆ ಬೇಕೆಂಬ ಕೂಗು ಎದ್ದಿತು. ಅದು ಬೇಕೇ ಬೇಕು, ಕಟ್ಟಿಸಬೇಕಾದದ್ದು ಸರ್ಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ತಕರಾರು ಮನೆಗಳ ಮೇಲೂ ಇದೆ. ನಾಲೆ ಅನ್ನ ಕೊಟ್ಟದ್ದು. "ನಾಲೆಗೆ ನೀರು ಬಿಟ್ಟರಂತೆ" ಎನ್ನುವುದು ನಮ್ಮ ಕಡೆ ಹಬ್ಬದ ಸುದ್ದಿ. ಅನ್ನ ಕೊಡುವವಳನ್ನು ಯಾರಾದರೂ ಅನುಮಾನಿಸುತ್ತಾರೆಯೇ? ಅದಕ್ಕೇ ನಮ್ಮ ಅತ್ತಿಗೆ ಸೋಪಾನದ ಕೊನೆಯ ಮೆಟ್ಟಿಲಿನಲ್ಲಿ, ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಕಂಬಳಿ ಒಗೆಯುತ್ತಾರೆ. ನೆನೆದ ಕಂಬಳಿಯ ಭಾರ ನಿಮಗೆ ಗೊತ್ತಿರಬಹುದು. ನೀರು ಅದನ್ನು ಎಳೆದುಕೊಂಡಾಗ ಅವರು ಬಿಡುವುದಿಲ್ಲ, ತಾವೂ ಎರಡು ಹೆಜ್ಜೆ ಹೋಗುತ್ತಾರೆ. ಕಾಂಕ್ರೀಟ್ ಹಾಕಿದ ಇಳಿಜಾರು ದಡ, ಮೇಲೆ ಪಾಚಿ. ಒಮ್ಮೆ ಜಾರಿದರೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಅತ್ತಿಗೆಗೆ ಈಜು ಬರುವುದಿಲ್ಲ. ಅವ್ವನಿಗೂ ಬರುವುದಿಲ್ಲ. ನಮ್ಮ ಬೀದಿಯಲ್ಲಿ ಈಜು ಬರುವ ಒಬ್ಬ ಹೆಂಗಸನ್ನೂ ನಾನು ಕಂಡಿಲ್ಲ.

ನನಗೂ ಅಣ್ಣನಿಗೂ ಬರುತ್ತದೆ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪ ನಮ್ಮನ್ನು ಬಾವಿಗೆ ತಳ್ಳಿದ್ದರು. ಅಕ್ಕ ಮೇಲೆ ನಿಂತು ನಮ್ಮ ಬಟ್ಟೆ ಕಾಯುತ್ತಿದ್ದಳು. ಹೆಣ್ಣುಮಕ್ಕಳು ಬಟ್ಟೆ ಬಿಚ್ಚಿ ನೀರಿಗಿಳಿಯುವುದುಂಟೇ? ಮಾತು ಅಲ್ಲಿಗೆ ಮುಗಿಯುತ್ತಿತ್ತು. ಗಂಡಸರು ನೀರಿಗೆ ಇಳಿಯುವುದು ಆಟಕ್ಕೆ, ಹೆಂಗಸರು ಇಳಿಯುವುದು ಕೆಲಸಕ್ಕೆ, ಅದೂ ದಿನಾ. ಈಜು ಕಲಿತದ್ದು ಮಾತ್ರ ನಾವು.

ರಾಟರ್‌ಡ್ಯಾಮ್‌ನಲ್ಲಿ ನಮ್ಮ ಮನೆಯ ಮುಂದಿನ ಕಾಲುವೆಗೂ ಬೇಲಿಯಿಲ್ಲ. ಬೇಲಿಯ ಬದಲು ಅವರು ಮಕ್ಕಳಿಗೆ ಈಜು ಕಲಿಸುತ್ತಾರೆ. ಕಾನೂನಿನ ಕಡ್ಡಾಯವಿಲ್ಲ, ಆದರೂ ಕಲಿಸದ ತಂದೆತಾಯಿಗಳು ಅಪರೂಪ. ಮೊದಲ ಹಂತದ ಪರೀಕ್ಷೆಯಲ್ಲಿ ಮಗು ಮೈಮೇಲೆ ಬಟ್ಟೆ, ಕಾಲಿಗೆ ಬೂಟು ಹಾಕಿಕೊಂಡೇ ನೀರಿಗೆ ಹಾರಬೇಕು, ತೇಲಬೇಕು, ಈಜಬೇಕು, ಯಾರ ಕೈಯನ್ನೂ ಹಿಡಿಯದೆ ಮೇಲೆ ಹತ್ತಬೇಕು. ಕಾಲುವೆಗೆ ಬೀಳುವವರು ಈಜುಡುಗೆ ತೊಟ್ಟು ಬೀಳುವುದಿಲ್ಲವಲ್ಲ! ಕಳೆದ ವರ್ಷ ನನ್ನ ಮಗಳು ಆ ಪರೀಕ್ಷೆಗೆ ಇಳಿದಳು. ನೆನೆದ ಬೂಟಿನಿಂದ ನೀರು ಸುರಿಸುತ್ತಾ ಏಣಿ ಹತ್ತಿ ಬಂದವಳನ್ನು ವಿಡಿಯೊ ತೆಗೆದು ಊರಿಗೆ ಕಳುಹಿಸಿದೆ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವ್ವ ಆ ವಿಡಿಯೊವನ್ನು ಮತ್ತೆ ಹಾಕಿಸಿಕೊಂಡು ನೋಡಿದಳು. ಪಕ್ಕದಲ್ಲಿ ಅಣ್ಣನ ಹನ್ನೊಂದು ವರ್ಷದ ಮಗಳಿದ್ದಳು.

"ಬಟ್ಟೆ ಹಾಕಿಕೊಂಡೇ ಈಜುವುದೇ?"

"ಹೌದು ಕಣವ್ವ, ಹಾಗೆಯೇ ಪರೀಕ್ಷೆ."

"ಮತ್ತೆ ಇವಳಿಗೂ ಕಲಿಸುವುದಕ್ಕೆ ಏನು ಧಾಡಿ?" ಎಂದು ಅಣ್ಣನ ಕಡೆ ತಿರುಗಿದಳು.

ಅಣ್ಣ ತಲೆ ಕೆರೆದುಕೊಂಡ. ನಾವು ಕಲಿತ ಬಾವಿ ಬತ್ತಿ, ಮುಚ್ಚಿ ಎಷ್ಟೋ ವರ್ಷವಾಯಿತು. ನಾಲೆಯ ಹರಿವಿನಲ್ಲಿ ಕಲಿಸುವ ಮಾತಿಲ್ಲ. ಕೃಷಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿರುವುದರಿಂದ ಬಿದ್ದವರೇ ಮೇಲೆ ಬರುವುದು ಕಷ್ಟ. ಕೊನೆಗೆ, "ಪಂಪ್‌ಸೆಟ್ಟಿನ ತೊಟ್ಟಿ ಅವಳ ಎದೆಮಟ್ಟಕ್ಕಿದೆ. ಮೊದಲು ಪಾಚಿ ಉಜ್ಜಬೇಕು" ಎಂದು ಎದ್ದು, ಕೊಟ್ಟಿಗೆಯಲ್ಲಿ ಪೊರಕೆ ಹುಡುಕತೊಡಗಿದ.