ತ್ರೆಡ್ ಹೋದರೆ ಹೇಳಿಬಿಡಿ

ಬೆಳಗ್ಗೆ ಬಾಗಿಲು ಸಾರಿಸಲು ಹೋದ ಅಮ್ಮ ಅಲ್ಲಿಂದಲೇ ಕೂಗಿದರು. "ಇಲ್ನೋಡೋ, ಕಾರಿಂದ ಏನೋ ಎಣ್ಣೆ ಸೋರಿದೆ." ಸಿಮೆಂಟಿನ ಮೇಲೆ ರೂಪಾಯಿ ಅಗಲದ ನಾಲ್ಕು ಕಪ್ಪು ಚುಕ್ಕಿ. ಏಸಿ ನೀರು ಇರಬೇಕು ಅಂದುಕೊಂಡು ಬೆರಳಲ್ಲಿ ಒತ್ತಿದೆ. ಜಾರಿತು. ಎಂಜಿನ್ ಆಯಿಲ್.

ಸರ್ವಿಸ್ ಮಾಡಿಸಿ ಎರಡು ವಾರವೂ ಆಗಿರಲಿಲ್ಲ. ಆ ನಡುವೆ ನಾವು ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿ ಬಂದಿದ್ದೆವು. ಅಮ್ಮ, ಹೆಂಡತಿ, ಇಬ್ಬರು ಮಕ್ಕಳು ಎಲ್ಲರೂ ಕಾರಿನಲ್ಲಿದ್ದರು.

ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಕೆಳಗಿನ ಗೆರೆಯ ಹತ್ತಿರ ಬಂದಿತ್ತು. ಅರ್ಧ ಲೀಟರ್ ತಂದು ಹಾಕಿ, ಮನೆ ಹತ್ತಿರದ ಇನ್ನೊಂದು ಗ್ಯಾರೇಜಿಗೆ ನಿಧಾನವಾಗಿ ಓಡಿಸಿಕೊಂಡು ಹೋದೆ. ಪಿಟ್ ಮೇಲೆ ಕಾರು ನಿಲ್ಲಿಸಿ ಮೆಕ್ಯಾನಿಕ್ ಕೆಳಗಿಳಿದರು. ನಾನೂ ಇಳಿದೆ. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಆಯಿಲ್ ಚೇಂಬರಿಗೆ, ಹಳೇ ಎಣ್ಣೆ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟ್ ಇರುತ್ತದೆ. ಅದರ ಸುತ್ತ ಬೂದು ಬಣ್ಣದ ಎಂ-ಸೀಲ್ ಮೆತ್ತಿತ್ತು. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಒಳಗೆ ಬಿಳಿ ಟೇಪು. ನಲ್ಲಿ ಕೂರಿಸುವಾಗ ಪ್ಲಂಬರ್ ಸುತ್ತುತ್ತಾರಲ್ಲ, ಅದೇ ಟೇಪು.

ಸ್ಪ್ಯಾನರ್ ಬೇಕಾಗಲೇ ಇಲ್ಲ. ಬರೀ ಬೆರಳಲ್ಲಿ ತಿರುಗಿಸಿದರೆ ಬೋಲ್ಟ್ ಸುಮ್ನೆ ಸುತ್ತುತ್ತಿತ್ತು. ಬಿಗಿಯೂ ಆಗದು, ಹೊರಗೂ ಬಾರದು. ಬೋಲ್ಟಿನ ತಲೆಯ ಹಿಂದೆ ಸ್ಕ್ರೂಡ್ರೈವರ್ ತೂರಿಸಿ, ಕೆಳಕ್ಕೆ ಮೀಟುತ್ತಾ ತಿರುಗಿಸಿದ ಮೇಲೆ ಕೈಗೆ ಬಂತು. ಬಟ್ಟೆಯಲ್ಲಿ ಒರೆಸಿ ನನಗೆ ತೋರಿಸಿದರು. ಬೋಲ್ಟಿನ ಹಲ್ಲುಗಳ ಸಂದಿಯಲ್ಲಿ ಬೆಳ್ಳಿ ಬಣ್ಣದ ಸಣ್ಣ ತಂತಿಯೊಂದು ಸುರುಳಿ ಸುತ್ತಿಕೊಂಡು ಕೂತಿತ್ತು. ಉಗುರಲ್ಲಿ ಎಳೆದರೆ ಬಿಚ್ಚಿಕೊಳ್ಳುತ್ತಾ ಬಂತು. ಅದು ತಂತಿಯಲ್ಲ, ಚೇಂಬರಿನ ತೂತಿನಲ್ಲಿ ಬೋಲ್ಟನ್ನು ಹಿಡಿದಿಡುವ ಸುರುಳಿ ಹಲ್ಲು, ಅಂದರೆ ತ್ರೆಡ್. ಅಲ್ಯೂಮಿನಿಯಂ ತ್ರೆಡ್ ಬುಡಸಮೇತ ಕಿತ್ತು ಬೋಲ್ಟಿಗೆ ಅಂಟಿಕೊಂಡಿತ್ತು.

ಆ ಬೋಲ್ಟು ಘಾಟಿಯಲ್ಲಿ ಕಳಚಿ ಬಿದ್ದಿದ್ದರೆ? ಸಣ್ಣ ಪೆಟ್ರೋಲ್ ಕಾರಿನಲ್ಲಿ ಇರುವುದೇ ಮೂರು, ಮೂರೂವರೆ ಲೀಟರ್ ಆಯಿಲ್. ಅಷ್ಟು ಅಗಲದ ತೂತಿನಲ್ಲಿ ಸ್ವಲ್ಪ ಹೊತ್ತಿಗೆ ಎಲ್ಲ ಖಾಲಿ. ಮುಂದೆ ಮೀಟರಿನಲ್ಲಿ ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ ಉರಿಯುತ್ತದೆ. ತುಂಬಾ ಜನ ಅದನ್ನು ಪೆಟ್ರೋಲ್ ಕಮ್ಮಿಯಾದಾಗ ಬರುವ ದೀಪದ ಥರ ಅಂದುಕೊಂಡಿದ್ದಾರೆ. ಆ ಕೆಂಪು ದೀಪ ಹೇಳುವುದು ಆಯಿಲ್ ಪ್ರೆಷರ್ ಬಿತ್ತು ಅಂತ. ಅಂದರೆ ಬೇರಿಂಗುಗಳಿಗೆ ಎಣ್ಣೆ ಸರಿಯಾಗಿ ಹೋಗುತ್ತಿಲ್ಲ. ಮುಂದಿನ ಊರಿನ ತನಕ ಹೋಗೋಣ ಅನ್ನುವ ಹಾಗಿಲ್ಲ. ಪಕ್ಕಕ್ಕೆ ತೆಗೆದು ಆಗಲೇ ಆಫ್ ಮಾಡಬೇಕು. ಇಲ್ಲದಿದ್ದರೆ ಎಂಜಿನ್ ಸೀಜ್, ಒಳಗೇ ಬಿಗಿದು ನಿಂತುಹೋಗುತ್ತದೆ.

ಇದು ಯಾಕೆ ಆಗುತ್ತದೆ ಅಂತ ಅವತ್ತಿನಿಂದ ಕೇಳುತ್ತಾ, ಓದುತ್ತಾ ಬಂದೆ. ನಮ್ಮಲ್ಲಿ ಬಿಗಿ ಮಾಡಿದಷ್ಟೂ ಭದ್ರ ಅನ್ನುವ ನಂಬಿಕೆ ಗಟ್ಟಿಯಾಗಿದೆ. ಈ ಬೋಲ್ಟಿನ ವಿಷಯದಲ್ಲಿ ಅದು ತಪ್ಪು. ಚೇಂಬರಿನಲ್ಲಿ ಎಣ್ಣೆ ಸುಮ್ಮನೆ ನಿಂತಿರುತ್ತದೆ, ಪಾತ್ರೆಯಲ್ಲಿ ನಿಂತ ಹಾಗೆ. ಪಂಪಿನ ಪ್ರೆಷರ್ ಎಲ್ಲ ಮೇಲೆ, ಎಂಜಿನ್ನಿನ ಒಳದಾರಿಗಳಲ್ಲಿ. ಡ್ರೈನ್ ಬೋಲ್ಟಿಗೆ ಇರುವ ಕೆಲಸ ಎರಡೇ. ವಾಷರನ್ನು ಹದವಾಗಿ ಒತ್ತಿ ಹಿಡಿಯಬೇಕು, ಅದುರಾಟಕ್ಕೆ ಸಡಿಲ ಆಗಬಾರದು.

ಅದಕ್ಕೆ ಬೇಕಾದ ತಿರುಗಿಸುವ ಬಲ, ಅಂದರೆ ಟಾರ್ಕ್, ಎಷ್ಟು ಅಂತ ಕಂಪನಿಯವರು ಅಳೆದು ಬರೆದಿರುತ್ತಾರೆ. ಹೋಂಡಾದ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಅದು 40 ನ್ಯೂಟನ್ ಮೀಟರ್ ಆಸುಪಾಸು. ಬೇರೆ ಎಷ್ಟೋ ಸಣ್ಣ ಕಾರುಗಳಲ್ಲೂ ಹತ್ತಿರ ಹತ್ತಿರ ಇಷ್ಟೇ. ಲೆಕ್ಕ ಹಾಕಿ ನೋಡಿ. ಕಾಲು ಮೀಟರ್ ಉದ್ದದ ಸ್ಪ್ಯಾನರ್ ತುದಿಯಲ್ಲಿ 16 ಕೆಜಿ ಎಳೆದರೆ 40 ಬಂದುಬಿಡುತ್ತದೆ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಇರುವ ಗ್ಯಾಸಿನ ತೂಕವೇ 14.2 ಕೆಜಿ. ಅದಕ್ಕಿಂತ ಒಂಚೂರು ಜಾಸ್ತಿ, ಅಷ್ಟೇ. ಪಿಟ್‌ನಲ್ಲಿ ನಿಂತ ಗಟ್ಟಿಮುಟ್ಟಾದ ಹುಡುಗ ಎರಡೂ ಕೈಯಲ್ಲಿ ಜಗ್ಗಿದರೆ 50 ಕೆಜಿ ಸುಲಭವಾಗಿ ಬೀಳುತ್ತದೆ. ಮೂರು ಪಟ್ಟು! ಬೋಲ್ಟು ಸ್ಟೀಲು, ತಡೆದುಕೊಳ್ಳುತ್ತದೆ. ಚೇಂಬರ್ ಅಲ್ಯೂಮಿನಿಯಂ ಆದರೆ ತಡೆಯುವುದಿಲ್ಲ. ಒಂದೇ ಸಲಕ್ಕೆ ಹೋಗುತ್ತದೆ ಅಂತಲ್ಲ. ಪ್ರತಿ ಸರ್ವಿಸಿನಲ್ಲೂ ಸ್ವಲ್ಪ ಸ್ವಲ್ಪ ಎಳೆದುಕೊಂಡು, ಒಂದು ದಿನ ಕಿತ್ತು ಬರುತ್ತದೆ.

ಇನ್ನೊಂದು ಕಾರಣ ವಾಷರ್. ಬೋಲ್ಟಿನ ಕೆಳಗೆ ತಾಮ್ರದ್ದೋ ಅಲ್ಯೂಮಿನಿಯಂದೋ ಒಂದು ತೆಳು ಬಳೆ ಇರುತ್ತದೆ. ಒಮ್ಮೆ ಒತ್ತಿದ ಮೇಲೆ ಅದು ಚಪ್ಪಟೆಯಾಗಿ ಗಡುಸಾಗುತ್ತದೆ, ಮತ್ತೆ ಹಾಕಿದರೆ ಸರಿಯಾಗಿ ಕೂರುವುದಿಲ್ಲ. ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದರೆ ಇನ್ನೂ ಬಿಗಿ ಮಾಡುತ್ತಾರೆ. ಮುಂದಿನ ಸಲ ಅದಕ್ಕಿಂತ ಬಿಗಿ. ಹತ್ತಿಪ್ಪತ್ತು ರೂಪಾಯಿಯ ಬಳೆ ಉಳಿಸಲು ಹೋಗಿ ಚೇಂಬರ್ ಹಾಳಾಗುತ್ತದೆ. ಗಾಳಿಯ ಬಲದಲ್ಲಿ ತಿರುಗುವ ಏರ್ ಗನ್ ಹಿಡಿದು ಬೋಲ್ಟ್ ಕೂರಿಸುವುದಂತೂ ಬೇಡವೇ ಬೇಡ. ಓರೆ ಕೂತಿದ್ದರೆ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಗನ್ನಿಗೆ ಗೊತ್ತಾಗಲ್ಲ, ಅದು ಓರೆಯಾಗಿಯೇ ಕೊರೆದುಕೊಂಡು ಹೋಗುತ್ತದೆ.

ನನ್ನ ಕಾರಿಗೆ ಪಿಟ್‌ನಲ್ಲೇ ದಪ್ಪ ಬೋಲ್ಟು ಹಾಕಿಬಿಡೋಣ ಅಂದರು ಆ ಮೆಕ್ಯಾನಿಕ್. ಒಂದು ಸೈಜ್ ದೊಡ್ಡದು, ತನ್ನ ತ್ರೆಡ್ ತಾನೇ ಕೊರೆದುಕೊಂಡು ಕೂರುವಂಥದ್ದು. ದಾರಿಯಲ್ಲಿ ಕೈಕೊಟ್ಟಾಗ ಮನೆ ಮುಟ್ಟಲು ಅದು ಸರಿ. ಆದರೆ ಪ್ರತಿ ಸಲ ಬಿಚ್ಚಿ ಹಾಕಿದಾಗಲೂ ಮತ್ತಷ್ಟು ಕೊರೆಯುತ್ತದೆ, ಅಂಚಿನಲ್ಲಿ ಬಿರುಕು ಬಿಡುವ ಭಯವೂ ಇದೆ. ನಾನು ಒಪ್ಪಲಿಲ್ಲ. ಹೆಲಿಕಾಯಿಲ್ ಅಂತ ಒಂದಿದೆ. ಹಳೇ ತೂತನ್ನು ಸ್ವಲ್ಪ ಅಗಲ ಮಾಡಿ, ತ್ರೆಡ್ ಕೊರೆಯುವ ಟ್ಯಾಪ್ ಹಾಕಿ, ಸ್ಟೀಲ್ ತಂತಿಯ ಸುರುಳಿ ಕೂರಿಸುತ್ತಾರೆ. ಬೋಲ್ಟು ಹಳೇ ಸೈಜಿನದೇ ನಡೆಯುತ್ತದೆ. ಒಳ್ಳೆಯ ರಿಪೇರಿ ಅದು. ಆದರೆ ಚೇಂಬರ್ ಬಿಚ್ಚದೆ ಡ್ರಿಲ್ ಮಾಡಿದರೆ ಅಲ್ಯೂಮಿನಿಯಂ ಪುಡಿ ಒಳಗೆ ಬೀಳುತ್ತದೆ. ಫಿಲ್ಟರ್ ಇದೆಯಲ್ಲ ಅಂತ ಹಲವರು ಹೇಳುತ್ತಾರೆ. ಎಣ್ಣೆ ಮೊದಲು ಹೋಗುವುದು ಪಂಪಿಗೆ, ಆಮೇಲೆ ಫಿಲ್ಟರಿಗೆ. ಪಂಪಿನ ಬಾಯಲ್ಲಿರುವ ಜಾಲರಿ ಸಣ್ಣ ಪುಡಿಯನ್ನು ತಡೆಯದು. ಹಾಗೇ ಮಾಡಲೇಬೇಕಾದರೆ ಟ್ಯಾಪಿಗೆ ದಪ್ಪಗೆ ಗ್ರೀಸ್ ಮೆತ್ತಿ, ನಡುನಡುವೆ ತೆಗೆದು ಒರೆಸಿ, ಕೊನೆಗೆ ಮೇಲಿನಿಂದ ಒಂದು ಲೀಟರ್ ಅಗ್ಗದ ಆಯಿಲ್ ಸುರಿದು ತೊಳೆದು ಬಿಡಬೇಕು.

ನಾನು ಚೇಂಬರ್ ಬಿಚ್ಚಿಸಿದೆ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಲೇತ್ ಇಟ್ಟುಕೊಂಡಿರುವ ಹಿರಿಯರೊಬ್ಬರ ಹತ್ತಿರ ಒಯ್ದೆ. ತೂತಿನೊಳಗೆ ಬೆರಳಾಡಿಸಿ ನೋಡಿದರು. "ನೋಡಿ ಇವ್ರೇ, ಸುರುಳಿ ಬೇಡ. ಬುಷ್ ಮಾಡ್ತೀನಿ, ಒಳಗಿಂದ ಹಾಕ್ತೀನಿ" ಅಂದರು. ಒಳಗಿಂದ ಯಾಕೆ ಅಂತ ನನಗೆ ಮೊದಲು ಹೊಳೆಯಲಿಲ್ಲ. ಸ್ಟೀಲಿನ ಬುಷ್‌ಗೆ ಹೊರಗೂ ತ್ರೆಡ್, ಒಳಗೂ ತ್ರೆಡ್, ಒಂದು ತುದಿಯಲ್ಲಿ ತೆಳುವಾದ ಕಾಲರ್. ಆ ಕಾಲರ್ ಚೇಂಬರಿನ ಒಳಗಡೆ ಕೂರುತ್ತದೆ. ಹೊರಗಿನಿಂದ ಬೋಲ್ಟನ್ನು ಎಷ್ಟೇ ಎಳೆದರೂ ಕಾಲರ್ ಬಿಡುವುದಿಲ್ಲ. ಎಣ್ಣೆ ಅಲ್ಲೇ ನಿಂತುಬಿಡಬಾರದು ಅಂತ ಕಾಲರ್ ಕೂರುವ ಜಾಗವನ್ನು ಅಷ್ಟೇ ಆಳಕ್ಕೆ ಕೆತ್ತಿ ಸಮ ಮಾಡಿದರು. ಬೋಲ್ಟನ್ನು ಎರಡೇ ಬೆರಳಲ್ಲಿ ಹಿಡಿದು ಕೊನೆಯ ಸುತ್ತಿನವರೆಗೆ ತಿರುಗಿಸಿ ನನ್ನ ಕೈಗೆ ಕೊಟ್ಟರು. ಎಲ್ಲೂ ಹಿಡಿಯಲಿಲ್ಲ. ಅಂಥ ಕೆಲಸ ಕಣ್ಣೆದುರು ನೋಡುವುದೇ ಒಂದು ಸಂತೋಷ.

ಬುಷ್, ಗ್ಯಾಸ್ಕೆಟ್, ಬಿಚ್ಚಿ ಹಾಕಿದ ಕೂಲಿ, ಹೊಸ ಆಯಿಲ್ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಆಯಿತು. ಗ್ಯಾಸ್ಕೆಟ್ ಅಂಟು ಒಣಗಲಿ ಅಂತ ಒಂದು ರಾತ್ರಿ ಕಾರು ಅಲ್ಲೇ ಬಿಟ್ಟೆ.

ಆಮೇಲೆ ಮೊದಲ ಗ್ಯಾರೇಜಿಗೆ ಹೋದೆ. ಸಿಟ್ಟು ಬಂದಿತ್ತು, ಸುಳ್ಳು ಹೇಳಲ್ಲ. ಸರ್ವಿಸ್ ಮಾಡಿದ ಹುಡುಗನಿಗೆ ಇಪ್ಪತ್ತು ತುಂಬಿರಲಿಕ್ಕಿಲ್ಲ. ಬೋಲ್ಟು ತೋರಿಸಿದೆ. ಮುಖ ಸಣ್ಣಗಾಯಿತು. "ಅಣ್ಣ, ಬಿಚ್ಚುವಾಗಲೇ ಗೊತ್ತಾಯ್ತು. ಹಾಕುವಾಗ ಹಿಡೀಲೇ ಇಲ್ಲ. ಹೇಳಿದ್ರೆ ನಾನೇ ಹಾಳ್ಮಾಡ್ದೆ ಅಂತೀರಿ, ಓನರ್ ಸಂಬಳದಲ್ಲಿ ಹಿಡ್ಕೊಳ್ತಾರೆ" ಅಂದ. ನನಗೆ ಮಾತು ಹೊರಡಲಿಲ್ಲ. ಹತ್ತು ವರ್ಷದ ಕಾರು. ಅಷ್ಟು ವರ್ಷದಲ್ಲಿ ಯಾರ್ಯಾರೋ ಆ ಬೋಲ್ಟನ್ನು ಜಗ್ಗಿದ್ದಾರೆ. "ಚೆನ್ನಾಗಿ ಟೈಟ್ ಮಾಡಪ್ಪ" ಅಂತ ಪಕ್ಕದಲ್ಲಿ ನಿಂತು ಪ್ರತಿ ಸಲ ಹೇಳಿದವನು ನಾನೇ. ತ್ರೆಡ್ ಕೊನೆಯದಾಗಿ ಕಿತ್ತುಬಂದದ್ದು ಅವನ ಕೈಯಲ್ಲಿ, ಅಷ್ಟೇ.

ಹಾಗಂತ ಅವನು ಮಾಡಿದ್ದು ಸಣ್ಣದಲ್ಲ. ತ್ರೆಡ್ ಹೋಗುವುದು ತಪ್ಪೇ ಅಲ್ಲ, ಲೋಹ ಸವೆಯುತ್ತದೆ. ಟೇಪು ಸುತ್ತಿ, ಎಂ-ಸೀಲ್ ಮೆತ್ತಿ, ಏನೂ ಹೇಳದೆ ಕೀಲಿ ಕೈಗಿಟ್ಟದ್ದು ತಪ್ಪು. ಬಿಸಿ ಎಣ್ಣೆಯಲ್ಲಿ, ಅದುರಾಟದಲ್ಲಿ ಆ ಟೇಪು ಎಷ್ಟು ದಿನ ಹಿಡಿಯುತ್ತಿತ್ತು? ಅವನಿಗೆ ಅಷ್ಟೇ ಹೇಳಿದೆ. ಮಕ್ಕಳು ಹಿಂದಿನ ಸೀಟಿನಲ್ಲಿದ್ದರು ಅಂತಲೂ ಹೇಳಿದೆ. ಅವನು ತಲೆ ತಗ್ಗಿಸಿ "ತಪ್ಪಾಯ್ತಣ್ಣ" ಅಂದ. ಓನರನ್ನೂ ಕರೆದು, ಇವನ ಸಂಬಳ ಹಿಡಿಯಬೇಡಿ, ಬೋಲ್ಟಿನ ಹಣ ನಾನು ಕೊಟ್ಟಾಗಿದೆ ಅಂದೆ.

ಕಾರು ಇಟ್ಟುಕೊಂಡಿರುವ ನಮಗೂ ಇದರಲ್ಲಿ ಪಾಲಿದೆ. ನಿಜ ಹೇಳಿದವನ ಮೇಲೆ ನಾವು ಕೂಗಾಡುತ್ತೇವೆ, ಹೇಳದೆ ಮುಚ್ಚಿಟ್ಟವನಿಗೆ ದುಡ್ಡು ಕೊಟ್ಟು ಥ್ಯಾಂಕ್ಸ್ ಹೇಳಿ ಬರುತ್ತೇವೆ. ಹೀಗಿದ್ದರೆ ಮುಂದಿನ ಹುಡುಗನೂ ಟೇಪೇ ಸುತ್ತುತ್ತಾನೆ, ಅಲ್ವಾ? ಮೆಕ್ಯಾನಿಕ್ "ಸಾರ್, ನಿಮ್ಮ ಡ್ರೈನ್ ಬೋಲ್ಟ್ ಹಿಡೀತಿಲ್ಲ" ಅಂದರೆ ದಯವಿಟ್ಟು ಮೊದಲು ಬಗ್ಗಿ ನೋಡಿ, ಆಮೇಲೆ ಮಾತಾಡಿ. ಗ್ಯಾರೇಜ್ ನಡೆಸುವವರು ಹುಡುಗರಿಗೆ ಎಷ್ಟು ಬಲ ಬಿತ್ತು ಅಂತ ತೋರಿಸುವ ಒಂದು ಟಾರ್ಕ್ ರೆಂಚ್ ಕೊಡಿಸಿ, ಇಂಥದ್ದಕ್ಕೆ ಸಂಬಳಕ್ಕೆ ಕೈ ಹಾಕಬೇಡಿ.

ಅಂದಹಾಗೆ, ಸರ್ವಿಸ್ ಆದ ಮೇಲೆ ಮೂರ್ನಾಲ್ಕು ದಿನ ಕಾರಿನ ಕೆಳಗೆ ಒಂದು ರಟ್ಟು ಹಾಕಿಡಿ. ಸಿಮೆಂಟಿನ ಮೇಲೆ ಕಾಣದ ಹನಿ ರಟ್ಟಿನ ಮೇಲೆ ಕಾಣುತ್ತದೆ.

ಎರಡು ಹೊಸ ವಾಷರ್ ತಂದು ಕಾರಿನಲ್ಲೇ ಇಟ್ಟಿದ್ದೇನೆ. ಮುಂದಿನ ಸರ್ವಿಸಿಗೆ ಅದೇ ಹುಡುಗನ ಹತ್ತಿರ ಹೋಗುತ್ತೇನೆ. ಅವನಿಗೆ ಆ ಬುಷ್ ತೋರಿಸಬೇಕು. ಕಾಲರ್ ಯಾಕೆ ಒಳಗಡೆ ಇದೆ ಅಂತ ಅವನು ಫೋನ್ ಮಾಡಿ ಎರಡು ಸಲ ಕೇಳಿದ್ದಾನೆ.